ಕಾಶೀನಾಥ ಸರ್ ಹುಡುಗಿಯರನ್ನು ಮನೆ ಮುಟ್ಟಿಸುತ್ತಿದ್ದ ಚಳಿಗಾಲ

ಎದುರು ಮನೆಯವರ ಮಗಳ ಮದುವೆಗೆಂದು ಮೊನ್ನೆ ನಮ್ಮ ಓಣಿಯ ತಗ್ಗುಗಳಿಗೆಲ್ಲ ಕೆಂಪು ಮುರುಮು ಮಣ್ಣು ಸುರಿಸಿದರು. ಸಂಜೆಗೆ ಅದರ ಮೇಲೆ ನೀರು ಹೊಡೆದು, ಧೂಳು ಕೂತ ಮೇಲೆ ಎರಡೂ ಬದಿಗೆ ಸುಣ್ಣದ ಪುಡಿಯಿಂದ ಗೆರೆ ಎಳೆದರು. ನಾನು ಬಾಗಿಲಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದೆ. ಹಸಿ ಮುರುಮಿನ ವಾಸನೆ, ಒಣ ಸುಣ್ಣದ ವಾಸನೆ ಎರಡೂ ಕೂಡಿ ಮೂಗಿಗೆ ಬಂದದ್ದೇ ತಡ, ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿಯಿತು. ಹುಮನಾಬಾದಿನ ನಮ್ಮ ಓಣಿ ಮರೆಯಾಗಿ ಬಸವಕಲ್ಯಾಣದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಅಂಗಳ ಕಣ್ಣ ಮುಂದೆ ಬಂತು. ಅಲ್ಲಿ ಕಳೆದ ಒಂದು ಚಳಿಗಾಲದ ಮಾತು ಇದು.

ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದರು. ಆ ವರ್ಷ ಅವರಿಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಹುಮನಾಬಾದಿನಿಂದ ದಿನಾ ಓಡಾಡುವವರು ಎಷ್ಟೋ ಮಂದಿ ಇದ್ದರು. ಆದರೆ ಇವರ ಬೆನ್ನು ಬಸ್ಸಿನ ಕುಲುಕಾಟ ತಾಳುತ್ತಿರಲಿಲ್ಲ. ಹಾಗಾಗಿ ಮನೆ ಎತ್ತಿಕೊಂಡು ಹೋದೆವು. ಹುಮನಾಬಾದಿನ ಪಕ್ಕದ ಮಾಣಿಕನಗರದ ಗುಡಿಗೆ, ಪ್ರಭುವಿನ ಪಾದಕ್ಕೆ ಪ್ರತಿ ಗುರುವಾರ ಹೋಗಿ ಬರುತ್ತಿದ್ದವಳಿಗೆ ಅದೊಂದು ತಪ್ಪಿತಲ್ಲ ಎನ್ನುವ ಕೊರಗು ಇತ್ತು. ಆದರೆ ಬಾಡಿಗೆಗೆ ಸಿಕ್ಕ ಮನೆಯ ಗೋಡೆಗೇ ದೇವರ ಗೂಡು ಇತ್ತು, ನಲ್ಲಿಯಲ್ಲಿ ನೀರು ನಸುಕಿಗೇ ಬರುತ್ತಿತ್ತು, ನೆರೆಯವರು ಬಾಗಿಲು ತೆರೆದಿಟ್ಟುಕೊಂಡು ಬದುಕುವವರಾಗಿದ್ದರು. ಕೇಳದೆ ಸಿಕ್ಕದ್ದನ್ನು ಎಣಿಸುತ್ತ ಹೋದರೆ ಕೊರಗು ತಾನಾಗಿಯೇ ಸಣ್ಣದಾಗುತ್ತದೆ.

ನನ್ನ ಮಗಳು ಅಶ್ವಿನಿಗೆ ಮಾತ್ರ ಹಾಗಾಗಲಿಲ್ಲ. ಒಂಬತ್ತನೇ ತರಗತಿಯ ಹುಡುಗಿ, ಗೆಳತಿಯರನ್ನೆಲ್ಲ ಬಿಟ್ಟು ಬಂದಿದ್ದಳು. ದೀಪಾವಳಿಯವರೆಗೂ ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಏನಾಯ್ತು ಎಂದರೆ "ಏನಿಲ್ಲ". ಊಟ ಮಾಡು ಎಂದರೆ "ಹಸಿವಿಲ್ಲ". ಈ ಎರಡು ಮಾತು ಬಿಟ್ಟರೆ ಮೂರನೆಯದು ಅವಳ ಬಾಯಿಂದ ಬರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ನನ್ನ ಜೊತೆಗಿದ್ದದ್ದು ಎರಡು. ಒಂದು ಟೀವಿ, ಇನ್ನೊಂದು ನನ್ನ ಬ್ಲಾಗು. ಬ್ಲಾಗು ಎಂದರೆ ದೊಡ್ಡ ಮಾತೇನಲ್ಲ. ಅಕ್ಕನ ಮಗಳು ರಜೆಗೆ ಬಂದಾಗ ಫೋನಿನಲ್ಲಿ ಮಾಡಿಕೊಟ್ಟು, ಎಲ್ಲಿ ಒತ್ತಿದರೆ ಬರೆಯಬಹುದು ಎಂದು ತೋರಿಸಿ ಹೋಗಿದ್ದಳು. ಏನು ಬರೆಯಬೇಕೆಂದು ಅವಳೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಆಗೆಲ್ಲ ಕರೆಂಟು ಒಂದು ಓಣಿಗೆ ಇದ್ದರೆ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಏಳು ಗಂಟೆಯ ಧಾರಾವಾಹಿ ತಪ್ಪಿಸಿಕೊಂಡವರು ಬೆಳಿಗ್ಗೆ ನೀರು ಹಿಡಿಯುವಾಗ "ನಿನ್ನಿ ಏನಾಯ್ತು?" ಎಂದು ಕೇಳುತ್ತಿದ್ದರು. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಎನ್ನಿಸಿತು. ಹೀಗೆ ದಿನಾ ಹಿಂದಿನ ಸಂಜೆಯ ಕಥೆ ಬರೆದು, ಕೊನೆಗೆ ಆ ದಿನ ದೇವರು ನನಗೆ ಕೊಟ್ಟ ಒಂದು ಸಣ್ಣ ದಯೆಯನ್ನೂ ಬರೆಯುತ್ತಿದ್ದೆ. ಹಾಲು ಉಕ್ಕುವ ಮೊದಲು ನೆನಪಾದದ್ದು, ಯಜಮಾನರ ಬೆನ್ನು ನೋಯದ ದಿನ, ಇಂಥವು.

ಓದುವವರು ನಮ್ಮ ಓಣಿಯ ಹೆಂಗಸರು, ಮಾಣಿಕನಗರದಲ್ಲಿ ತೆಂಗಿನಕಾಯಿ-ಹೂವಿನ ಅಂಗಡಿ ಇಟ್ಟಿದ್ದ ನನ್ನ ಅಕ್ಕ, ಅವಳ ಗಿರಾಕಿಗಳು, ಮನ್ನಾಏಖೇಳ್ಳಿಯ ನಮ್ಮ ಚಿಕ್ಕಮ್ಮನ ಸೊಸೆಯರು. ಇಷ್ಟೇ ಬಳಗ. ಈಗ ಬ್ಲಾಗು ಎಂದರೆ ಹುಡುಗರು ನಗುತ್ತಾರೆ, ಎಲ್ಲರಿಗೂ ವಿಡಿಯೊ ಬೇಕು. ನನಗಂತೂ ಅದರ ಸುಖ ಬೇರೆ ಯಾವುದರಲ್ಲೂ ಸಿಗಲಿಲ್ಲ. ಬಾಗಿಲ ಮುಂದೆ ರಂಗೋಲಿ ಹಾಕಿ ಒಳಗೆ ಹೋಗಿಬಿಡುವ ಹಾಗೆ. ಯಾರು ನಿಂತು ನೋಡಿದರು, ಯಾರು ತುಳಿದು ಹೋದರು, ಅದು ನಮ್ಮ ಚಿಂತೆಯಲ್ಲ.

ಧಾರಾವಾಹಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅದರಲ್ಲಿ ಸೊಸೆ ರೇಷ್ಮೆ ಸೀರೆಯುಟ್ಟು ಮಲಗುತ್ತಾಳೆ, ಎದ್ದಾಗ ಒಂದು ಮಡಿಕೆಯೂ ಮುರಿದಿರುವುದಿಲ್ಲ. ಮನೆ ತುಂಬ ಜನ, ಆದರೆ ಒಬ್ಬರೂ ರೊಟ್ಟಿ ಬಡಿಯುವುದಿಲ್ಲ. ಸುಳ್ಳೆಂದು ಗೊತ್ತು. ಆದರೂ ದಿನವಿಡೀ ಬೇರೆಯವರ ಹಸಿವು ನೋಡಿದವಳಿಗೆ ಅರ್ಧ ತಾಸು ಬೇರೆಯವರ ಅಳು ನೋಡುವುದು ಒಂದು ವಿಶ್ರಾಂತಿ. ಅದನ್ನು ಬೈಯುವ ಗಂಡಸರಿಗೆ ನಾನು ಏನೂ ಹೇಳುತ್ತಿರಲಿಲ್ಲ. ಅವರೂ ಪಕ್ಕದ ಕೋಣೆಯಿಂದ ಕಿವಿಗೊಟ್ಟೇ ಕೂತಿರುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅಶ್ವಿನಿ ಮೊಣಕಾಲು ಕೆತ್ತಿಕೊಂಡು, ಮೈತುಂಬ ಕೆಂಪು ಧೂಳು ಮಾಡಿಕೊಂಡು ಬಂದಳು. ಬಂದವಳೇ "ಅವ್ವಾ, ಎರಡ್ ರೊಟ್ಟಿ ಕೊಡು" ಎಂದಳು. ಅವಳ ಹಿಂದೆ, ಹೊಸ್ತಿಲಾಚೆ, ಕಿವಿಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡ ಒಬ್ಬ ವಯಸ್ಸಾದವರು ಟಾರ್ಚು ಹಿಡಿದು ನಿಂತಿದ್ದರು.

"ನಮಸ್ಕಾರ್ರಿ. ನಾ ಕಾಶೀನಾಥ, ಸಾಲ್ಯಾಗ ಬಾಸ್ಕೆಟ್‌ಬಾಲ್ ಆಡಸ್ತೀನಿ. ನಿಮ್ ಹುಡುಗಿ ಗಿಡ್ಡ ಅದಾಳ, ಖರೇ ಓಡ್ತಾಳ. ದಿನಾ ಸಂಜಿಕ ಒಂದಿಷ್ಟ್ ಹೊತ್ತು ಬಿಡ್ರಿ."

"ಕತ್ತಲಾಗ್ತದಲ್ರಿ ಸರ್."

"ಅದರ ಫಿಕರ್ ನೀವು ಮಾಡಬ್ಯಾಡ್ರಿ. ಮನಿ ಮುಟ್ಟಿಸೂದು ನನ್ನ ಕೆಲಸ."

ನಿಜಕ್ಕೂ ಅದೇ ಅವರ ಕೆಲಸವಾಗಿತ್ತು. ಶಾಲೆ ಬಿಟ್ಟ ಮೇಲೆ ಹುಡುಗಿಯರು ಮುರುಮಿನ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು, ಸರ್ ಸುಣ್ಣದ ಗೆರೆ ಎಳೆಯುತ್ತಿದ್ದರು, ಬೆಳಕಿರುವವರೆಗೆ ಆಟ. ಚಳಿಗಾಲದ ಬೆಳಕು ಎಷ್ಟೊತ್ತು ಇದ್ದೀತು? ಆಮೇಲೆ ಮೈದಾನದ ಒಂದೇ ದೀಪದ ಕೆಳಗೆ ಇನ್ನೊಂದಿಷ್ಟು. ಅದು ಮುಗಿದ ಮೇಲೆ ಸರ್ ಹುಡುಗಿಯರನ್ನೆಲ್ಲ ಕರೆದುಕೊಂಡು ಓಣಿ ಓಣಿ ತಿರುಗಿ ಒಬ್ಬೊಬ್ಬರನ್ನೂ ಅವರವರ ಮನೆಗೆ ಬಿಟ್ಟು, ಕಡೆಗೆ ತಮ್ಮ ಬಾಡಿಗೆ ಕೋಣೆಗೆ ಹೋಗುತ್ತಿದ್ದರು. ಅವರ ಊರು ನಿರ್ಣಾ. ಹೆಂಡತಿ ಅಲ್ಲೇ ಹೊಲ ನೋಡಿಕೊಂಡಿದ್ದರು. ಸರ್ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳು ಚೆಂಡು ಹಿಡಿದು ಓಡಾಡಿದ್ದು ಅವರು ಆಡುವುದನ್ನು ಕಲಿಸಿದ್ದರಿಂದ ಎಂದು ಶಾಲೆಯವರು ಹೇಳುತ್ತಿದ್ದರು. ತಾಯಂದಿರಾದ ನಮಗೆ ಗೊತ್ತಿತ್ತು, ಅದು ಅವರು ಮನೆಗೆ ಬಿಡುತ್ತಿದ್ದರಿಂದ.

ಒಮ್ಮೆ ಸರ್ ಅಶ್ವಿನಿಯನ್ನು ಬಿಟ್ಟು, ಹೋಗದೆ ಹಾಗೇ ನಿಂತರು. ಏನೋ ದೂರಿದೆ ಎಂದುಕೊಂಡೆ.

"ಅಕ್ಕೋರೆ, ಒಂದ್ ಮಾತ್ ಕೇಳ್ಲೇನ್ರಿ? ಆ ಹುಡುಗಿ ಜೇಲಿಗಿ ಯಾಕ ಹೋದಳು?"

"ಯಾವ ಹುಡುಗಿ ಸರ್?"

"ಅದೇ, ಏಳರ ಸೀರಿಯಲ್‌ದಾಕಿ. ನಾ ಓಣ್ಯಾಗ ಹೋಗೂಮುಂದ ಎಲ್ಲರ ಮನ್ಯಾಗೂ ಅದೇ ಇರ್ತದ. ಮೊದಲನೇ ಮನಿ ಮುಂದ ಅಕಿ ನಗ್ತಿರ್ತಾಳ, ಮುಂದಿನ ಓಣಿಗಿ ಬರೂದ್ರಾಗ ಅಳ್ತಿರ್ತಾಳ. ನಡುವ ಏನಾಯ್ತು ಅಂತ ತಿಳೀವಲ್ದು. ಮಕಾ ಅಂತೂ ಒಬ್ಬರ್ದೂ ನೋಡಿಲ್ಲ ನಾ."

ನನಗೆ ನಗು ತಡೆಯಲಾಗಲಿಲ್ಲ. ಸರ್ ಅವರ ಫೋನಿನಲ್ಲಿ ಅಶ್ವಿನಿ ನನ್ನ ಬ್ಲಾಗು ತೆರೆದುಕೊಟ್ಟಳು. ಅಂದಿನಿಂದ ಅವರೂ ನನ್ನ ಓದುಗರು. ನಾನು ಯಾವುದಾದರೂ ಭಾಗ ಹಾರಿಸಿ ಬರೆದರೆ ಮರುದಿನ ಬಾಗಿಲಲ್ಲಿ ವಿಚಾರಣೆ. "ಮಾವನ ಮಾತು ಬಿಟ್ಟೀರಿ ನೀವು. ನಾ ಶಾಹೀನ್‌ಳ ಮನಿ ಮುಂದ ಕೇಳೀನಿ, ಅಂವ ಬೈದಾನ." ಶಾಹೀನ್ ನಮ್ಮ ಓಣಿಯವಳೇ, ಅವಳೂ ಆಡುತ್ತಿದ್ದಳು.

ಅಶ್ವಿನಿಗೆ ಆ ಚಳಿಗಾಲದಲ್ಲಿ ಊರು ಸಿಕ್ಕಿತು. ಶಾಹೀನ್, ಲಕ್ಷ್ಮಿ ಎಂಬ ಇಬ್ಬರು ಗೆಳತಿಯರು ಸಿಕ್ಕರು. ಗೋಡೆಗೆ ಮುಖ ಮಾಡಿ ಮಲಗುವುದು ನಿಂತಿತು. ಊಟಕ್ಕೆ ಕೂತರೆ ಸರ್ ಹೇಳಿದ್ದೇ ಮಾತು. "ಚೆಂಡು ಬಿಟ್ಟಾದ್ಮ್ಯಾಲ ಬಿತ್ತೋ ಇಲ್ಲೋ ಅಂತ ನೋಡ್ಕೋತ ನಿಂದ್ರಬಾರ್ದಂತ ಅವ್ವಾ, ಹಿಂದ ಓಡಬೇಕಂತ." ದಿನದ ದಯೆ ಬರೆಯಲು ನಾನು ಯೋಚಿಸಬೇಕಾಗಿಯೇ ಇರಲಿಲ್ಲ.

ಸರ್ ನಿವೃತ್ತರಾಗುವ ಸುದ್ದಿ ಬಂದದ್ದು ತೊಗರಿ ಕಾಯಿ ಬಲಿಯುವ ಹೊತ್ತಿಗೆ. ಸಂಕ್ರಾಂತಿ ಮುಗಿದು ಅದೇ ತಿಂಗಳ ಕೊನೆಗೆ ಅವರು ಹೋಗುವವರು. ಆಟ ಕಲಿಸಲು ತೊಂದರೆಯಿರಲಿಲ್ಲ. ಅವರ ಹಳೆಯ ಶಿಷ್ಯೆ ರೇಖಾ ಕಾಲೇಜಿನಲ್ಲಿದ್ದಳು, ನಾನು ಕಲಿಸುತ್ತೇನೆ ಎಂದಿದ್ದಳು. ಹೆಡ್‌ಮಿಸ್ಟ್ರೆಸ್ ಒಪ್ಪಲಿಲ್ಲ.

"ರೇಖಾನೂ ಒಂದ್ ಹೆಣ್ಣ್ ಹುಡುಗಿನೇ. ಕತ್ತಲ್ದಾಗ ಅಕಿನ್ನ ಮನಿಗಿ ಯಾರ್ ಬಿಡಬೇಕು? ಏನಾದರ ಆದ್ರ ನಾ ಏನ್ ಜವಾಬ್ ಕೊಡ್ಲಿ?" ಎಂದರು. ದೊಡ್ಡವರು ಯಾರಾದರೂ ದಿನಾ ಜೊತೆಗಿದ್ದು ಹುಡುಗಿಯರನ್ನು ಮನೆ ಮುಟ್ಟಿಸುವುದಾದರೆ ಸರಿ, ಇಲ್ಲದಿದ್ದರೆ ಸರ್ ಹೋದ ಮೇಲೆ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮನೆಗೆ. ಅಂದರೆ ಆಟ ನಿಂತಂತೆಯೇ. ಅವರದೂ ತಪ್ಪಲ್ಲ.

ಆ ದಿನ ಅಶ್ವಿನಿ ಮತ್ತೆ ಗೋಡೆಗೆ ಮುಖ ಮಾಡಿದಳು.

ನಮ್ಮ ಯಜಮಾನರು ಬ್ಯಾಂಕಿನಿಂದ ಬರುವುದೇ ಎಂಟಕ್ಕೆ. ಉಳಿದ ಮನೆಗಳ ಗಂಡಸರೂ ಅಂಗಡಿ, ಹೊಲ, ಆಟೋ ಎಂದು ಹೊರಗಿರುವವರು. ಉಳಿದವರು ನಾವೇ. ಎಳ್ಳ ಅಮಾವಾಸ್ಯೆಗೆ ಲಕ್ಷ್ಮಿಯ ಅಜ್ಜಿ ಸುಭದ್ರಾ ಕಾಕು ಓಣಿಯವರನ್ನೆಲ್ಲ ತಮ್ಮ ಹೊಲಕ್ಕೆ ಕರೆದಿದ್ದರು. ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ಭೂತಾಯಿಯ ನೈವೇದ್ಯವೆಂದು ಹೊಲದ ಸುತ್ತ ಚರಗ ಚೆಲ್ಲಿ, ಸಜ್ಜೆಯ ಕಡುಬು, ಹಸಿ ತೊಗರಿ ಹಾಕಿದ ಭಜ್ಜಿ ಪಲ್ಯ, ಅಂಬಲಿ ಎಲ್ಲ ಹರಡಿಕೊಂಡು ಕೂತಾಗ ನಾನು ಮಾತು ತೆಗೆದೆ. ಒಬ್ಬೊಬ್ಬರು ಒಂದೊಂದು ಸಂಜೆ ಹೋಗಿ ಹುಡುಗಿಯರನ್ನು ಕರೆತಂದರೆ ಹೇಗೆ?

ಎಲ್ಲರೂ ಭಜ್ಜಿ ನೋಡತೊಡಗಿದರು.

ಶಾಹೀನ್‌ಳ ತಾಯಿ ಮೆಲ್ಲಗೆ, "ರೊಟ್ಟಿ ಬಡಿಯೋ ಟೈಮ್ ಅದಲ್ರಿ ಬಾಜಿ. ಅವರು ಬಂದ್ರ ತಾಟು ಮುಂದ ಇರಬೇಕು" ಎಂದರು. ಅಕ್ಕ ಎನ್ನಲು ಅವರು ಬಾಜಿ ಎನ್ನುತ್ತಿದ್ದರು.

ಸುಭದ್ರಾ ಕಾಕು ಅಷ್ಟು ಮೆಲ್ಲಗೆ ಮಾತಾಡುವವರಲ್ಲ. "ಏಳು ಗಂಟಿಗಿ ನಾ ಎಲ್ಲೀ ಬರೂದಿಲ್ಲವ್ವ. ದಿನಪೂರ್ತಿ ದುಡಿದು ಆಗೊಂದ್ ಸ್ವಲ್ಪ ಟೀವಿ ಮುಂದ ಕೂಡ್ತೀನಿ. ಮತ್ತ ಆ ಆಟ ಏನಂತ ಆಟ? ತಳಾ ಇಲ್ಲದ ಬುಟ್ಟಿ. ಎಷ್ಟ್ ಹಾಕಿದ್ರೂ ಕೆಳಗ ಬೀಳ್ತದ. ಹುಡುಗಿ ಕಲ್ತು ಏನ್ ಮಾಡ್ಬೇಕು?"

ಲಕ್ಷ್ಮಿ ಕಡುಬು ಅರ್ಧಕ್ಕೇ ಬಿಟ್ಟು ಜೋಳದ ಬೆಳೆಯೊಳಗೆ ಎದ್ದು ಹೋದಳು. ತಂಡದಲ್ಲಿ ಅವಳಷ್ಟು ಚೆನ್ನಾಗಿ ಆಡುವವರು ಬೇರೆ ಇರಲಿಲ್ಲ.

ಮರುದಿನ ಧಾರಾವಾಹಿಯ ಹೊತ್ತಿಗೆ ನಮ್ಮ ಓಣಿಗೇ ಕರೆಂಟು ಹೋಯಿತು. ಬೆಳಿಗ್ಗೆ ಬರೆಯಲು ಕಥೆಯಿಲ್ಲ. ಮನಸ್ಸಿನಲ್ಲಿದ್ದದ್ದೇ ಬರೆದೆ. ಒಂದು ಊರು, ಅಲ್ಲೊಬ್ಬ ಸರ್, ಅವರು ಹುಡುಗಿಯರನ್ನು ಮನೆ ಮುಟ್ಟಿಸುವುದು, ಅವರು ಹೋಗುವ ದಿನ ಹತ್ತಿರ ಬಂದದ್ದು, ತಾಯಂದಿರು ಏಳದೆ ಕೂತದ್ದು. ಹಿರಿಯರ ಹೆಸರು ಬರೆಯುವುದು ಸರಿಯಲ್ಲವೆಂದು ಯಾರ ಹೆಸರನ್ನೂ ಹಾಕಲಿಲ್ಲ. ದಿನಾ ಬರೆಯುವ ರೀತಿಯೊಂದೇ ನನಗೆ ಗೊತ್ತಿದ್ದದ್ದು, ಹಾಗಾಗಿ ಕೊನೆಗೆ "ಮುಂದೇನಾಗುವುದೋ ದೇವರೇ ಬಲ್ಲ" ಎಂದು ನಿಲ್ಲಿಸಿದೆ. ಅದರ ಮರುದಿನವೂ ಧಾರಾವಾಹಿಯ ಕಥೆಯ ಕೆಳಗೆ ಇದನ್ನೂ ಒಂದಿಷ್ಟು ಮುಂದುವರಿಸಿದೆ. ಮನಸ್ಸು ಹಗುರಾಯಿತು, ಅಷ್ಟೇ.

ವಾರ ಕಳೆಯುವುದರೊಳಗೆ ಮಾಣಿಕನಗರದಿಂದ ಅಕ್ಕ ಫೋನು ಮಾಡಿದಳು.

"ಏನವ್ವ, ಆ ಸರ್‌ಂದು ಯಾವ ಚಾನೆಲ್‌ದಾಗ ಬರ್ತದ?"

"ಯಾವ ಸರ್?"

"ಅದೇ, ಹುಡುಗೇರ್ನ ಮನಿಗಿ ಬಿಡ್ತಾರಲ, ಅವರದು. ಅಂಗಡಿಗಿ ಬಂದೋರೆಲ್ಲ ಕೇಳಾಕತ್ತಾರ. ನಾ ಎಲ್ಲಾ ಚಾನೆಲ್ ತಿರುಗ್ಸಿ ನೋಡ್ದೆ, ಸಿಗವಲ್ದು. ಹೊಸಾದೇನು?"

ಅದು ಧಾರಾವಾಹಿಯಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಅಂಗಡಿಗೆ ಯಾರೋ ಕಾಯಿ ಕೇಳಿಕೊಂಡು ಬಂದರು, ಫೋನು ಇಟ್ಟುಬಿಟ್ಟಳು. ಮನ್ನಾಏಖೇಳ್ಳಿಯಿಂದಲೂ ಅದೇ ಪ್ರಶ್ನೆ ಬಂತು. ಅಲ್ಲಿಯಂತೂ ಅತ್ತೆ-ಸೊಸೆಯರಿಗೆ ಜಗಳವೇ ಆಗಿತ್ತು. ಸರ್ ಸಾಯುತ್ತಾರೆ ಎಂದು ಸೊಸೆ, ಇಲ್ಲ ಅವರಿಗೆ ಒಬ್ಬ ಕಳೆದುಹೋದ ತಮ್ಮ ಇರುತ್ತಾನೆ, ಅವನು ಬರುತ್ತಾನೆ ಎಂದು ಅತ್ತೆ.

ಗುರುವಾರ ಸಂಜೆಗೆ ಮುಂಚೆ ನಮ್ಮ ಓಣಿಯ ದತ್ತನ ಗುಡಿಯಲ್ಲಿ ಹೆಂಗಸರ ಭಜನೆ ಇರುತ್ತಿತ್ತು. ಪ್ರತಿ ವಾರ ಒಬ್ಬೊಬ್ಬರ ಮನೆಯಿಂದ ಪ್ರಸಾದದ ಪಾಳಿ. ಆ ದಿನ ನನ್ನ ಪಾಳಿ, ಅವಲಕ್ಕಿ ಒಯ್ದಿದ್ದೆ. ಆರತಿ ಮುಗಿದು ಪ್ರಸಾದ ಹಂಚುವಾಗ ಸುಭದ್ರಾ ಕಾಕು ನನ್ನ ಕೈ ಹಿಡಿದು ಕೂಡಿಸಿದರು. ಅವರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನನ್ನ ಬ್ಲಾಗನ್ನು ದಿನಾ ಲಕ್ಷ್ಮಿಯೇ ಓದಿ ಹೇಳುತ್ತಿದ್ದಳು.

"ನೀ ಬರಿಯೋ ಆ ಹೊಸ ಸೀರಿಯಲ್ ನಂಗ ಸಿಟ್ಟು ತರಸಾಕತ್ತದ ನೋಡು."

"ಯಾಕ್ರಿ ಕಾಕು?"

"ಯಾಕ ಏನ್ ಯಾಕ? ಆ ಸರ್ ಪಾಪ, ಇಷ್ಟ್ ವರ್ಷ ಮಂದಿ ಮಕ್ಕಳ್ನ ತನ್ನ ಮಕ್ಕಳಂಗ ಮನಿ ಮುಟ್ಟಿಸ್ಯಾನ. ಆ ತಾಯ್ಗೋಳಿಗಿ ನಾಚ್ಕಿ ಬ್ಯಾಡೇನು? ಒಬ್ಬಾಕಿ ಎದ್ದು ಹೋಗಬಾರ್ದಾ? ಕಾಲ್ ಮುರ್ಕೊಂಡು ಕುಂತಾರೇನು? ಅದ್ರಾಗೊಬ್ಬಾಕಿ ಮುದುಕಿ ಅದಾಳಲ, ಟೀವಿ ಬಿಟ್ಟು ಬರೂದಿಲ್ಲ ಅಂತಾಳ. ಅಕಿನ್ನ ನನ್ನ ಕೈಯಾಗ ಕೊಡು, ಹೇಳ್ತೀನಿ."

ಬ್ಲಾಗು ಓದಿದ್ದವರು ಅವಲಕ್ಕಿಯಲ್ಲಿ ಕರಿಬೇವು ಹುಡುಕತೊಡಗಿದರು. ಆಟಕ್ಕೆ ಹೋಗುವ ಮೊದಲು ಪ್ರಸಾದಕ್ಕೆಂದು ಬಂದಿದ್ದ ಲಕ್ಷ್ಮಿ ಕಂಬದ ಹಿಂದೆ ಲಂಗದ ಅಂಚು ಬಾಯಿಗೆ ತುರುಕಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ದೇವರ ಮುಂದೆ ಕೂತು ಸುಮ್ಮನಿರುವುದೂ ಸುಳ್ಳೇ ಎನಿಸಿತು ನನಗೆ.

"ಕಾಕು, ಅದು ಸೀರಿಯಲ್ ಅಲ್ರಿ. ಅದು ನಮ್ಮ ಓಣಿ."

ಕಾಕು ನನ್ನ ಮುಖ ನೋಡಿದರು. ಆಮೇಲೆ ಶಾಹೀನ್‌ಳ ತಾಯಿಯ ಮುಖ. ಆಕೆ ಭಜನೆಗೆ ಬರುವವರಲ್ಲ, ಆದರೆ ನನ್ನ ಅವಲಕ್ಕಿಗೆಂದು ಗುಡಿಯ ಕಟ್ಟೆಯ ಮೇಲೆ ಬಂದು ಕೂತಿದ್ದರು. ಆಮೇಲೆ ಕಂಬದ ಕಡೆ ತಿರುಗಿದರು. "ಲಕ್ಷ್ಮೀ. ಇಲ್ಲಿ ಬಾ. ಓದೂಮುಂದ ನಿಂಗ್ ಗೊತ್ತಿತ್ತೇನು?"

"ಗೊತ್ತಿತ್ತು ಆಯಿ."

"ಮತ್ತ ಯಾಕ ಹೇಳ್ಲಿಲ್ಲ?"

"ನೀ ಆ ಮುದಿಕಿನ್ನ ಭಾಳ ಬೈತಿದ್ದಿ. ಕೇಳಾಕ ಚಲೋ ಅನಸ್ತಿತ್ತು."

ಮೊದಲು ನಕ್ಕವರು ಕಾಕುವೇ. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು, ಹೆಗಲು ಅಲುಗಿಸುತ್ತ ನಕ್ಕರು. ನಗು ನಿಂತ ಮೇಲೆ ದತ್ತನ ಕಡೆ ತಿರುಗಿ ಕೈಮುಗಿದರು. ಕಡೆಗೆ ಹೇಳಿದ್ದು ಇಷ್ಟೇ: "ಪ್ರಸಾದಕ್ಕ ಪಾಳಿ ಹಚ್ಚೂದು ಬರ್ತದ ನಮಗ. ಇದಕ್ಕ ಹಚ್ಚೂದು ಬರೂದಿಲ್ಲೇನು?"

ಅಲ್ಲೇ ಪಾಳಿ ಹಚ್ಚಿದೆವು. ಯಾರಿಗೆ ಯಾವ ದಿನ ಆಗುತ್ತದೆ, ಯಾರ ಮನೆಯಲ್ಲಿ ಅಂದು ರೊಟ್ಟಿ ಮುಂಚೆ ಬಡಿದಿಡಬೇಕು, ಎಲ್ಲ ಬಾಯಿಮಾತಿನಲ್ಲೇ ಆಯಿತು. ನಾನು ಯಜಮಾನರಿಗೆ ಹೆದರುತ್ತಲೇ ಹೇಳಿದೆ. ನನ್ನ ಪಾಳಿ ಇದ್ದ ದಿನ ಬಿಸಿ ರೊಟ್ಟಿ ಇರುವುದಿಲ್ಲ ಎಂದೆ. ಅವರು ಶೂ ಬಿಚ್ಚುತ್ತ, "ಡಬ್ಬ್ಯಾಗ ಒಣಾ ಕಟಕ್ ರೊಟ್ಟಿ ಅದಾವಲ್ಲ" ಎಂದರು. ಆ ದಿನದ ದಯೆ ಅದೇ. ಹೆಡ್‌ಮಿಸ್ಟ್ರೆಸ್ಸರ ಹತ್ತಿರ ಕಾಕುವೇ ಹೋದರು. ಮೇಡಂ, "ಎಷ್ಟ್ ದಿನ ನಡೀತದೋ ನೋಡೋಣ್ರಿ" ಎಂದರಂತೆ. ನಂಬಿಕೆ ಅವರಿಗಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಪೂರ್ತಿ ಇರಲಿಲ್ಲ. ಗುಡಿಯಲ್ಲಿ ಕೂತು ಆಡಿದ ಮಾತು, ಕತ್ತಲಲ್ಲಿ ಬಾಗಿಲು ದಾಟುವಾಗ ಉಳಿಯುತ್ತದೆಯೇ ಎಂಬ ಅಳುಕು ಎಲ್ಲರಿಗೂ ಇತ್ತು.

ಸರ್ ಅವರ ಕೊನೆಯ ದಿನ ಮಧ್ಯಾಹ್ನ ಶಾಲೆಯಲ್ಲಿ ಶಾಲು, ಹಾರ, ಭಾಷಣ ಎಲ್ಲ ಆಯಿತು. ಸರ್ ಹಾರ ಹಾಕಿಸಿಕೊಂಡು ಗಡಿಯಾರ ನೋಡುತ್ತ ಕೂತಿದ್ದರಂತೆ. ಸಂಜೆಗೆ ಎಂದಿನ ಹಾಗೆ ಟೋಪಿ ಹಾಕಿಕೊಂಡು ಅಂಗಳಕ್ಕೆ ಬಂದರು, ಆಡಿಸಿದರು, ದೀಪ ಆರಿಸಿ ಹುಡುಗಿಯರನ್ನು ಕರೆದುಕೊಂಡು ಹೊರಟರು. ಅವರ ದಾರಿಯಲ್ಲಿ ಮೊದಲು ಸಿಗುವುದು ಲಕ್ಷ್ಮಿಯ ಮನೆ. ಅಲ್ಲಿ ಟೀವಿಯ ಸದ್ದಿರಲಿಲ್ಲ. ಕಾಕು ಸೆರಗಿನ ಮೇಲೆ ಶಾಲು ಹೊದ್ದು ಹೊಸ್ತಿಲಲ್ಲಿ ನಿಂತಿದ್ದರು.

"ಅಕಿ ಒಳಗ ಬರೂದಿಲ್ರಿ ಸರ್" ಎಂದು ಚಪ್ಪಲಿ ಮೆಟ್ಟಿದರು. "ನಾ ಹೊರಗ ಬರಾಕತ್ತೀನಿ."

ಸರ್‌ಗೆ ಪಾಳಿಯ ವಿಷಯ ಗೊತ್ತಿತ್ತು, ಆದರೆ ಇದು ತಿಳಿಯಲಿಲ್ಲ. ಮುಂದಿನ ಮನೆಯಲ್ಲಿ ಶಾಹೀನ್‌ಳ ತಾಯಿ ಬುರ್ಖಾ ಹಾಕಿಕೊಂಡು ಹೊರಗೆ ಬಂದರು. ಆಮೇಲೆ ನಾನು. ಹೀಗೆ ಪ್ರತಿ ಬಾಗಿಲಲ್ಲೂ ಹುಡುಗಿ ಒಳಗೆ ಹೋಗುವ ಬದಲು ತಾಯಿ ಹೊರಗೆ ಬಂದು, ಗುಂಪು ದೊಡ್ಡದಾಗುತ್ತ ಹೋಯಿತು. ಚಳಿ ಕಿವಿಗೆ ಕಚ್ಚುತ್ತಿತ್ತು. ಆ ಊರಿಗೆ ಬಂದು ಅಷ್ಟು ದಿನವಾಗಿದ್ದರೂ ಕತ್ತಲಾದ ಮೇಲೆ ಆ ಓಣಿಗಳನ್ನು ನಾನು ನೋಡಿರಲಿಲ್ಲ. ನೋಡಿದವರೂ ಹೆಚ್ಚು ಮಂದಿ ನಮ್ಮಲ್ಲಿ ಇರಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಮದುವೆ ದಿಬ್ಬಣದವರ ಹಾಗೆ ಪಿಸುಪಿಸು ಮಾತಾಡುತ್ತ ನಡೆದೆವು. ಹುಡುಗಿಯರು ಮಾತ್ರ ಯಾವ ತಿರುವಿನಲ್ಲಿ ನಾಯಿ ಇರುತ್ತದೆ, ಎಲ್ಲಿ ಕಲ್ಲು ಎದ್ದಿದೆ ಎಂದು ನಮಗೆ ಹೇಳುತ್ತಿದ್ದರು.

ಸರ್ ಅವರ ಕೋಣೆ ಬಂತು. ಅವರು ಸುತ್ತ ನೋಡಿದರು. "ಅರೆ, ಹುಡುಗೇರ್ನ ಬಿಡೂದು ಉಳೀತಲ್ಲ" ಎಂದರು.

"ಅವರ್ನ ನಾವ್ ಬಿಡ್ತೀವಿ" ಎಂದರು ಕಾಕು. "ನಿಮ್ಮನ್ನ ಮನಿ ಮುಟ್ಟಿಸಾಕ ಬಂದೀವಿ. ಒಳಗ ನಡೀರಿ, ಥಂಡಿ ಭಾಳ ಅದ."

ಸರ್ ಬೀಗ ತೆಗೆಯಲು ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಅಶ್ವಿನಿ ಟಾರ್ಚು ಹಿಡಿಯಲು ಹೋದಳು, ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ. ಕಡೆಗೆ ಬಾಗಿಲು ತೆರೆಯಿತು. ಅವರು ನಮ್ಮ ಕಡೆ ತಿರುಗದೆ, ಒಳಗಿನ ಕತ್ತಲಿಗೆ ಕೇಳುವವರ ಹಾಗೆ ಕೇಳಿದರು.

"ನಾಳಿ ಯಾರ ಪಾಳಿ ಅದ್ರಿ?"

"ನಂದು" ಎಂದರು ಸುಭದ್ರಾ ಕಾಕು. "ಬುಟ್ಟಿ ಆಟ ನಂಗ ತಿಳಿಯೂದಿಲ್ರಿ ಸರ್. ಈಗ ದಾರಿ ತಿಳೀತು."